ಎರಡು ಪತ್ರಿಕೆ, ಎರಡು ಕ್ಯಾಮೆರಾ, ಬೇಲೂರಿನ ಒಂದು ಕಂಬ

ನನ್ನ ಹತ್ತಿರ ಎರಡು ಡಿಜಿಟಲ್ ಕ್ಯಾಮೆರಾ ಇವೆ. ಮೊದಲನೆಯದನ್ನು ಒಂದು ಗ್ರಾಹಕ ಪತ್ರಿಕೆಯ ಪಟ್ಟಿ ನೋಡಿ ಕೊಂಡೆ. ಎರಡು ವರ್ಷ ಬಿಟ್ಟು ಇನ್ನೊಂದನ್ನು ಫೋಟೊಗ್ರಫಿ ಪತ್ರಿಕೆಯ ವಿಮರ್ಶೆ ಓದಿ ಕೊಂಡೆ. ಎರಡಕ್ಕೂ ಆಯಾ ಪತ್ರಿಕೆ ಮೊದಲ ಸ್ಥಾನ ಕೊಟ್ಟಿತ್ತು. ಈಗ ಆಲ್ದೂರಿನ ಭಾವ ಕ್ಯಾಮೆರಾ ತೆಗೆದುಕೊಳ್ಳಬೇಕು ಅಂತಿದ್ದಾರೆ. ಗ್ರಾಹಕ ಪತ್ರಿಕೆಯ ಅದೇ ಥರದ ಪಟ್ಟಿ ಅವರ ಕೈಗೂ ಸಿಕ್ಕಿತ್ತು. "ಅಲ್ಲಪ್ಪಾ, ಮೊದಲನೇ ನಂಬರ್ ಬಂದಿರೋದನ್ನ ಬಿಟ್ಟು ಬೇರೆ ಯಾಕೆ ನೋಡ್ಬೇಕು?" ಅಂದರು. ಕೂತಲ್ಲೇ ಉತ್ತರ ಹೇಳಲು ಮನಸ್ಸಾಗಲಿಲ್ಲ. ಎರಡೂ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಹಾಸನದಿಂದ ಬೇಲೂರಿನ ಬಸ್ ಹತ್ತಿದೆ.

ಗ್ರಾಹಕ ಪತ್ರಿಕೆಯ ಆಯ್ಕೆ ಚಿಕ್ಕ ಮೈಯ, 30 ಪಟ್ಟು ಜೂಮ್ ಇರುವ ಕ್ಯಾಮೆರಾ. ಫೋಟೊ ಪತ್ರಿಕೆಯ ಆಯ್ಕೆ ಎಸ್‌ಎಲ್‌ಆರ್, ಅಂದರೆ ಲೆನ್ಸ್ ಬಿಚ್ಚಿ ಬದಲಿಸಬಹುದಾದ ದೊಡ್ಡ ಕ್ಯಾಮೆರಾ. ಅದರ ಜೊತೆ ಪೆಟ್ಟಿಗೆಯಲ್ಲೇ ಬರುವ 18–55 ಮಿ.ಮೀ. ಲೆನ್ಸ್.

ಬಿಸಿಲಿನಿಂದ ಚೆನ್ನಕೇಶವನ ನವರಂಗಕ್ಕೆ ಕಾಲಿಟ್ಟರೆ ಒಂದು ನಿಮಿಷ ಏನೂ ಕಾಣುವುದಿಲ್ಲ. ಕಲ್ಲೂ ಕಪ್ಪು. ನರಸಿಂಹ ಕಂಬದ ಮೈತುಂಬ ಪುಟ್ಟ ಪುಟ್ಟ ಮೂರ್ತಿಗಳು. ಅದರಲ್ಲೇ ಕಡಲೆ ಬಸವನೂ ಇದ್ದಾನೆ, ಹೆಸರಿಗೆ ತಕ್ಕ ಹಾಗೆ ಕಡಲೆಕಾಳಿನಷ್ಟು. ಟ್ರೈಪಾಡ್ ಇಡಲು ಪುರಾತತ್ವ ಇಲಾಖೆಯ ಅನುಮತಿ ಬೇಕು. ಹಾಗಾಗಿ ಕೈಯಲ್ಲೇ ಹಿಡಿದು ತೆಗೆಯಬೇಕು. ಫ್ಲ್ಯಾಶ್ ಹಾಕಿದರೆ ಕೆತ್ತನೆಯ ನೆರಳು ಹೋಗಿ ಕಲ್ಲು ಚಪ್ಪಟೆಯಾಗುತ್ತದೆ. ಉಳಿದ ದಾರಿ ಐಎಸ್‌ಒ, ಅಂದರೆ ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮ ಎಂಬ ಅಂಕಿಯನ್ನು ಏರಿಸುವುದು. ಎರಡನ್ನೂ 1600ಕ್ಕೆ ಇಟ್ಟು ಅದೇ ಕಂಬವನ್ನು, ಅದೇ ಜಾಗದಲ್ಲಿ ನಿಂತು ತೆಗೆದೆ.

ಮನೆಗೆ ಬಂದು ಕಂಪ್ಯೂಟರ್‌ನಲ್ಲಿ ದೊಡ್ಡದು ಮಾಡಿ ನೋಡಿದೆ. ಜೂಮ್ ಕ್ಯಾಮೆರಾದ ಚಿತ್ರದಲ್ಲಿ ಕೆತ್ತನೆಯ ಮೇಲೆ ಮೇಣ ಬಳಿದ ಹಾಗಿತ್ತು. ಕತ್ತಲಲ್ಲಿ ಏಳುವ ಕಾಳುಕಾಳನ್ನು ಅಳಿಸಲು ಹೋಗಿ, ಕ್ಯಾಮೆರಾ 900 ವರ್ಷ ಉಳಿದ ಉಳಿಯ ಗೆರೆಗಳನ್ನೂ ಅಳಿಸಿತ್ತು. ಎಸ್‌ಎಲ್‌ಆರ್‌ನಲ್ಲಿ ಕಾಳುಕಾಳು ಇತ್ತು, ಆದರೆ ಗೆರೆಯೂ ಇತ್ತು. ಬಸವನ ಬೆನ್ನು, ಕತ್ತು ಬೇರೆ ಬೇರೆಯಾಗಿ ಕಾಣುತ್ತಿದ್ದವು.

ಕಾರಣ ಸರಳ. ಜೂಮ್ ಕ್ಯಾಮೆರಾದೊಳಗೆ ಬೆಳಕು ಹಿಡಿಯುವ ಸೆನ್ಸರ್ ಸುಮಾರು 6.2 ಮಿ.ಮೀ. ಉದ್ದ, 4.6 ಮಿ.ಮೀ. ಅಗಲ. ಎಸ್‌ಎಲ್‌ಆರ್‌ನದು 23.5 ಉದ್ದ, 15.6 ಅಗಲ. ಲೆಕ್ಕ ಹಾಕಿದರೆ ಸುಮಾರು 13 ಪಟ್ಟು ದೊಡ್ಡ ಜಾಗ. ಮಳೆನೀರು ಹಿಡಿಯಲು ಒಂದು ಕಡೆ ಲೋಟ, ಇನ್ನೊಂದು ಕಡೆ ಕೊಳದಪ್ಪಲೆ ಇಟ್ಟ ಹಾಗೆ. ಗ್ರಾಹಕ ಪತ್ರಿಕೆಯ ಪಟ್ಟಿಯಲ್ಲಿ ಮೆಗಾಪಿಕ್ಸೆಲ್‌ಗೆ ಮೊದಲ ಕಾಲಂ ಇತ್ತು, ಸೆನ್ಸರ್ ಅಳತೆಗೆ ಕಾಲಮ್ಮೇ ಇರಲಿಲ್ಲ. ಮೆಗಾಪಿಕ್ಸೆಲ್ 12ರಿಂದ 24 ಆದರೂ ಚಿತ್ರದ ಒಂದೊಂದು ಬದಿಯಲ್ಲಿ ಚುಕ್ಕೆಗಳು ಆಗುವುದು 1.4 ಪಟ್ಟು ಮಾತ್ರ. "ಚಿತ್ರದ ಗುಣಮಟ್ಟ: ಅತ್ಯುತ್ತಮ" ಎಂದು ಬರೆದದ್ದು ಸುಳ್ಳಲ್ಲ. ಪರೀಕ್ಷೆ ಮಾಡಿದ್ದು ಚೆನ್ನಾಗಿ ಬೆಳಕಿದ್ದ ಕೋಣೆಯಲ್ಲಿ ಎಂದು ಪಟ್ಟಿಯ ಕೆಳಗೆ ಸಣ್ಣ ಅಕ್ಷರದಲ್ಲಿ ಅವರೇ ಹಾಕಿದ್ದರು. ಕೊಳ್ಳುವ ಮುಂಚೆ ನಾನು ಅದನ್ನು ಓದಿರಲಿಲ್ಲ. ಅದೇ ಸಣ್ಣ ಅಕ್ಷರ ಕಾಲಂನ ಒಳಗೇ ಇದ್ದಿದ್ದರೆ ಎಷ್ಟು ಜನರಿಗೆ ಅನುಕೂಲವಾಗುತ್ತಿತ್ತು!

ಹಾಗಂತ ಫೋಟೊ ಪತ್ರಿಕೆ ಗೆದ್ದಿತು ಎನ್ನಲು ಆಗುವುದಿಲ್ಲ. ಹೊರಗೆ ಬಂದು ಸೂರಿನ ಕೆಳಗಿನ ಮದನಿಕೆಯರ ಕಡೆ ಎಸ್‌ಎಲ್‌ಆರ್ ಎತ್ತಿದರೆ, 55 ಮಿ.ಮೀ.ಗೆ ಲೆನ್ಸ್‌ನ ಜೂಮ್ ನಿಂತುಬಿಟ್ಟಿತು. ದರ್ಪಣ ಸುಂದರಿಯ ಕೈಯ ಕನ್ನಡಿ ಚೌಕಟ್ಟಿನಲ್ಲಿ ಒಂದು ಚುಕ್ಕೆ. ಜೂಮ್ ಕ್ಯಾಮೆರಾ ಅವಳ ಮುಖವನ್ನೇ ತುಂಬಿಸಿ ಕೊಟ್ಟಿತು, ಬೆಳಕೂ ಚೆನ್ನಾಗಿತ್ತು, ಚಿತ್ರವೂ ಚೆನ್ನಾಗಿ ಬಂತು. ಆ ಫೋಟೊ ಪತ್ರಿಕೆಯ ವಿಮರ್ಶೆಯನ್ನು ಮತ್ತೆ ತೆಗೆದು ನೋಡಿದೆ. ಅದರ ಚೂಪಾದ ಚಿತ್ರಗಳನ್ನೆಲ್ಲ ತೆಗೆದದ್ದು ಬೇರೆಯೇ 50 ಮಿ.ಮೀ. ಲೆನ್ಸ್‌ನಲ್ಲಿ. ಆ ಲೆನ್ಸ್ ನನ್ನ ಪೆಟ್ಟಿಗೆಯಲ್ಲಿ ಇರಲಿಲ್ಲ. ಕ್ಯಾಮೆರಾದ ಬಾಡಿ ಚೆನ್ನಾಗಿದೆ ಎಂಬ ಮಾತು ನಿಜ. ನನ್ನಂಥವರು ಮನೆಗೆ ತರುವುದು ಬಾಡಿಯನ್ನಲ್ಲ, ಬಾಡಿ ಮತ್ತು ಪೆಟ್ಟಿಗೆಯ ಲೆನ್ಸ್ ಎರಡನ್ನೂ ಸೇರಿಸಿ ಅಲ್ವಾ?

ಗ್ರಾಹಕ ಪತ್ರಿಕೆಯನ್ನು ಕಣ್ಣುಮುಚ್ಚಿ ನಂಬಬಹುದಾದ ಜಾಗಗಳೂ ಇವೆ. ಗುಂಡಿ ಒತ್ತಿದ ಮೇಲೆ ಚಿತ್ರ ಬೀಳುವವರೆಗೆ ಎಷ್ಟು ಹೊತ್ತು, ಒಂದಾದ ಮೇಲೆ ಇನ್ನೊಂದಕ್ಕೆ ಎಷ್ಟು ಹೊತ್ತು, ಒಂದು ಚಾರ್ಜಿಗೆ ಎಷ್ಟು ಚಿತ್ರ, ಇವನ್ನೆಲ್ಲ ಅವರೇ ಅಳೆದು ಹಾಕಿದ್ದರು. ನಾನು ಬಳಸಿದ ಮೇಲೂ ಆ ಅಂಕಿಗಳು ಹತ್ತಿರ ಹತ್ತಿರವೇ ಬಂದವು. ಫೋಟೊ ಪತ್ರಿಕೆ ಬ್ಯಾಟರಿಗೆ ಕಂಪನಿಯ ಅಂಕಿಯನ್ನೇ ಹಾಕಿತ್ತು. ಆ ಅಂಕಿ ಜಪಾನಿನ ಕ್ಯಾಮೆರಾ ತಯಾರಕರ ಸಂಘ ಸೀಪಾದ ನಿಯಮದ ಪ್ರಕಾರ ಬರುತ್ತದೆ. ಅರ್ಧ ಚಿತ್ರಗಳಿಗೆ ಫ್ಲ್ಯಾಶ್ ಹಾಕಿ ತೆಗೆಯಬೇಕು ಎಂಬುದು ಆ ನಿಯಮ. ನಾನು ಫ್ಲ್ಯಾಶ್ ಮುಟ್ಟುವುದೇ ಅಪರೂಪ. ಹಾಗಾಗಿ ನನಗೆ ಅದಕ್ಕಿಂತ ಜಾಸ್ತಿ ಸಿಗುತ್ತದೆ.

ಇನ್ನೊಂದು, ದುಡ್ಡಿನ ವಿಷಯ. ಗ್ರಾಹಕ ಪತ್ರಿಕೆಗಳಲ್ಲಿ ಅಮೆರಿಕದ ಕನ್ಸ್ಯೂಮರ್ ರಿಪೋರ್ಟ್ಸ್ 1936ರಲ್ಲಿ ಶುರುವಾಯಿತು. ಬ್ರಿಟನ್ನಿನ ವಿಚ್ ಬಂದದ್ದು 1957ರಲ್ಲಿ. ಇಂಥ ಪತ್ರಿಕೆಗಳು ಜಾಹೀರಾತು ಹಾಕುವುದಿಲ್ಲ. ಪರೀಕ್ಷೆಯ ವಸ್ತುವನ್ನು ನಮ್ಮ ನಿಮ್ಮ ಹಾಗೆ ಅಂಗಡಿಯಲ್ಲೇ ಕೊಳ್ಳುತ್ತವೆ. ಫೋಟೊ ಪತ್ರಿಕೆಗಳಿಗೆ ಸಾಮಾನ್ಯವಾಗಿ ಕಂಪನಿಯೇ ಕ್ಯಾಮೆರಾ ಕಳಿಸುತ್ತದೆ, ಮುಂದಿನ ಪುಟದಲ್ಲಿ ಅದೇ ಕಂಪನಿಯ ಜಾಹೀರಾತೂ ಇರಬಹುದು. ಬರೆಯುವವರು ಮೋಸ ಮಾಡುತ್ತಾರೆ ಎಂದು ನಾನು ಹೇಳುತ್ತಿಲ್ಲ. ಆದರೆ "ಈ ಕ್ಯಾಮೆರಾ ಬೇಡ" ಎಂಬ ಮಾತು ಅಲ್ಲಿ ನನಗೆ ಕಂಡದ್ದು ಬಹಳ ಕಡಿಮೆ. ಅವರ ಹೊಗಳಿಕೆಗಿಂತ ಅವರು ಕೊಡುವ ಮೂಲ ಚಿತ್ರಗಳನ್ನು ನಾನು ಹೆಚ್ಚು ನಂಬುತ್ತೇನೆ. 1998ರಲ್ಲಿ ಶುರುವಾದ ಡಿಪಿರಿವ್ಯೂ ಎಂಬ ಕ್ಯಾಮೆರಾ ವಿಮರ್ಶೆಯ ಜಾಲತಾಣ ಇದನ್ನು ಚೆನ್ನಾಗಿ ಮಾಡಿತು. ಒಂದೇ ದೃಶ್ಯವನ್ನು ಬೇರೆ ಬೇರೆ ಕ್ಯಾಮೆರಾದಲ್ಲಿ ತೆಗೆದು ಪಕ್ಕಪಕ್ಕ ಇಟ್ಟು ತೋರಿಸುತ್ತದೆ. 2023ರ ಮಾರ್ಚ್‌ನಲ್ಲಿ ಅದನ್ನು ಮುಚ್ಚುತ್ತಾರೆ ಎಂದಾಗ ನನಗೆ ನಿಜವಾಗಿ ಸಂಕಟವಾಗಿತ್ತು. ಬೇರೆಯವರು ಕೊಂಡು ಉಳಿಸಿಕೊಂಡರು.

ಮೊತ್ತದ ಅಂಕವನ್ನು ಮಾತ್ರ ನಾನು ಯಾವ ಪತ್ರಿಕೆಯಲ್ಲೂ ನಂಬುವುದಿಲ್ಲ. ನನ್ನ ಗ್ರಾಹಕ ಪತ್ರಿಕೆಯಲ್ಲಿ ಮೊದಲನೆಯದಕ್ಕೂ ಆರನೆಯದಕ್ಕೂ ಇದ್ದದ್ದು ನಾಲ್ಕೇ ಅಂಕದ ವ್ಯತ್ಯಾಸ. ತೂಕಕ್ಕೆ ಇಷ್ಟು, ಬಳಸುವ ಸುಲಭಕ್ಕೆ ಇಷ್ಟು ಎಂದು ಯಾರೋ ಹಂಚಿ ಕೂಡಿಸಿದ ಲೆಕ್ಕ ಅದು. ಕತ್ತಲೆ ಗುಡಿಯಲ್ಲಿ ನಿಲ್ಲುವ ನನಗೆ ಆ ಹಂಚಿಕೆ ಹೊಂದುವುದಿಲ್ಲ. ಆರನೆಯದರಲ್ಲಿ ದೊಡ್ಡ ಸೆನ್ಸರ್ ಇತ್ತು ಎಂದು ಆಮೇಲೆ ಗೊತ್ತಾಯಿತು.

ಮುಂದಿನ ವಾರ ಎರಡನ್ನೂ ಭಾವನ ಕಾಫಿ ತೋಟಕ್ಕೆ ಒಯ್ದೆ. ಕಾಫಿ ಗಿಡವನ್ನು ಹೂ ಬಿಡಿಸುವ ಹೂಮಳೆ ಬಿದ್ದು ಒಂಬತ್ತು ದಿನವಾಗಿತ್ತು. ಗಿಡವೆಲ್ಲ ಬೆಳ್ಳಗೆ, ಘಮ ಮನೆಯೊಳಗೂ ಬರುತ್ತಿತ್ತು. ಕಾಫಿ ಹೂ ಎರಡು ಮೂರು ದಿನದಲ್ಲಿ ಕಂದುತ್ತದೆ, ನಮಗಾಗಿ ಕಾಯುವುದಿಲ್ಲ. ಜೂಮ್ ಕ್ಯಾಮೆರಾದಲ್ಲಿ ಬಿಸಿಲು ಬಿದ್ದ ಹೂವೆಲ್ಲ ಸುಣ್ಣದ ಉಂಡೆ, ಎಸಳೇ ಇಲ್ಲ. ಎಕ್ಸ್‌ಪೋಷರ್ ತಗ್ಗಿಸಿದರೆ ಎಲೆ ಕಪ್ಪಾಯಿತು. ಎಸ್‌ಎಲ್‌ಆರ್‌ನಲ್ಲಿ ರಾ ಫೈಲ್, ಅಂದರೆ ಸೆನ್ಸರ್ ಹಿಡಿದದ್ದನ್ನೆಲ್ಲ ಹಾಗೇ ಇಟ್ಟುಕೊಳ್ಳುವ ಫೈಲ್ ತೆಗೆದು ಆಮೇಲೆ ಕಂಪ್ಯೂಟರ್‌ನಲ್ಲಿ ಎಸಳು, ಎಲೆ ಎರಡನ್ನೂ ಉಳಿಸಿಕೊಂಡೆ. ಫೋಟೊ ಪತ್ರಿಕೆ ಇದರ ಬಗ್ಗೆ ಎರಡು ಪುಟ ಬರೆದಿತ್ತು, ಗ್ರಾಹಕ ಪತ್ರಿಕೆಯಲ್ಲಿ ಒಂದು ಸಾಲೂ ಇರಲಿಲ್ಲ.

ನಮ್ಮ ಕಡೆಯವರಿಗೆ ಬೇಕಾದ ಒಂದು ಮಾತನ್ನು ಎರಡೂ ಹೇಳಿರಲಿಲ್ಲ. ಫಂಗಸ್. ಗಾಳಿಯ ತೇವ ಶೇಕಡಾ 60–70 ದಾಟಿ ವಾರಗಟ್ಟಲೆ ಹಾಗೇ ಇದ್ದರೆ ಲೆನ್ಸ್ ಒಳಗೆ ಜೇಡರ ಬಲೆಯ ಹಾಗೆ ಬೂಷ್ಟು ಹಬ್ಬುತ್ತದೆ. ಆಲ್ದೂರಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೀರುವಿನ ಬಟ್ಟೆಗೇ ಬೂಷ್ಟು ಬರುತ್ತದೆ, ಕ್ಯಾಮೆರಾದ ಪಾಡು ಕೇಳಬೇಕೆ? ಗ್ರಾಹಕ ಪತ್ರಿಕೆಯವರು ಓದುಗರನ್ನು ಕೇಳಿ ಯಾವ ಬ್ರ್ಯಾಂಡ್ ಎಷ್ಟು ರಿಪೇರಿಗೆ ಬಂತು ಎಂದು ಲೆಕ್ಕ ಕೊಡುತ್ತಾರೆ. ಒಳ್ಳೆಯ ಕೆಲಸ. ಆದರೆ ಆ ಓದುಗರಲ್ಲಿ ಮಲೆನಾಡಿನ ಮಳೆ ಕಂಡವರು ಎಷ್ಟು ಜನ ಇದ್ದಾರು? ಜೂಮ್ ಕ್ಯಾಮೆರಾದ ಲೆನ್ಸ್ ಬಿಚ್ಚಿ ಬರುವುದಿಲ್ಲ. ಬೂಷ್ಟು ಹಿಡಿದರೆ ಇಡೀ ಕ್ಯಾಮೆರಾವನ್ನೇ ಬೆಂಗಳೂರಿಗೆ ಕಳಿಸಬೇಕು.

ಕೊನೆಗೆ ಭಾವನನ್ನು ಒಂದೇ ಕೇಳಿದೆ, ಏನು ತೆಗೆಯುತ್ತೀರಿ ಎಂದು. ಮೊಮ್ಮಗಳ ಓಡಾಟ, ಮರದ ಮೇಲಿನ ಮಂಗಟ್ಟೆ, ತೋಟದ ಬೇಲಿ ಎಲ್ಲಿ ಮುರಿದಿದೆ ಅನ್ನುವುದು. ಎಲ್ಲವೂ ಹಗಲಲ್ಲಿ. ಜೇಬಿಗೆ ಹಿಡಿಯಬೇಕು. ಪುಟ್ಟಿ ನಗುವಷ್ಟರಲ್ಲಿ ಚಿತ್ರ ಬೀಳಬೇಕು. ಅವರ ಪಟ್ಟಿಯ ಅಂಕದ ಕಾಲಂ ಮೇಲೆ ಒಂದು ಕಾಗದ ಇಟ್ಟು ಮುಚ್ಚಿ, ಉಳಿದ ಕಾಲಂಗಳನ್ನು ಇಬ್ಬರೂ ಕೂತು ಓದಿದೆವು. ಅವರಿಗೆ ಬೇಕಾದದ್ದೆಲ್ಲ ಮೊದಲನೇ ನಂಬರಿನದರಲ್ಲೇ ಇತ್ತು. ಚಿಕ್ಕಮಗಳೂರಿಗೆ ಹೋಗಿ ಅಂಗಡಿಯಲ್ಲಿ ನಮ್ಮದೇ ಮೆಮೊರಿ ಕಾರ್ಡ್ ಹಾಕಿ, ಬಾಗಿಲ ಹೊರಗಿನ ರಸ್ತೆಯನ್ನು ಹತ್ತು ಸಲ ತೆಗೆದು ನೋಡಿ, ಅದನ್ನೇ ಕೊಂಡೆವು. ಬರುವಾಗ ಗಟ್ಟಿ ಮುಚ್ಚಳದ ಡಬ್ಬಿ ಒಂದು, ತೇವ ಹೀರುವ ಸಿಲಿಕಾ ಜೆಲ್ ಅರ್ಧ ಕೆಜಿ ತಂದೆವು.