ಮೊದಲ ದಿನವೇ ನೂರು ಬಸ್ಕಿ ಹೊಡೆಸುವ ಜಿಮ್ ಆದರೆ ವಾಪಸ್ ಬಂದುಬಿಡಿ

ದಪ್ಪ ಇರುವವರು ಜಿಮ್‌ಗೆ ಸೇರಿ ಹದಿನೈದೇ ದಿನಕ್ಕೆ ಬಿಡುತ್ತಾರೆ, ಸೋಮಾರಿಗಳು ಅಂತ ಊರೆಲ್ಲ ಆಡಿಕೊಳ್ಳುತ್ತದೆ. ಬಹಳ ಸಲ ತಪ್ಪು ಇರುವುದು ಮೊದಲ ದಿನದ ಆ ಒಂದು ಗಂಟೆಯಲ್ಲಿ. ಆ ಗಂಟೆ ಎಷ್ಟೋ ಜಿಮ್‌ಗಳಲ್ಲಿ ಒಂದೇ ಥರ ನಡೆಯುವುದರಿಂದ ಬಿಡಿಸಿ ಹೇಳುತ್ತೇವೆ.

110 ಕೆಜಿ ತೂಕದ, ದಿನಕ್ಕೆ ಒಂಬತ್ತು ಗಂಟೆ ಕುರ್ಚಿಯಲ್ಲೇ ಕಳೆಯುವ, ಕಾಲೇಜು ಬಿಟ್ಟ ಮೇಲೆ ಓಡಿಯೇ ಇಲ್ಲದ ಒಬ್ಬರನ್ನು ಇಟ್ಟುಕೊಳ್ಳಿ. ಸೋಮವಾರ ಸಂಜೆ ಫೀಸು ಕಟ್ಟುತ್ತಾರೆ. "ಫಸ್ಟ್ ಡೇ ಅಲ್ವಾ ಸರ್, ವೇಟ್ ಮುಟ್ಟೋದು ಬೇಡ, ಬರೀ ಬಾಡಿವೇಟ್ ಮಾಡಿಸ್ತೀನಿ" ಅನ್ನುತ್ತಾನೆ ಟ್ರೇನರ್. ಕೇಳುವುದಕ್ಕೆ ಎಷ್ಟು ಹಗುರ! ಹತ್ತು ನಿಮಿಷ ಟ್ರೆಡ್‌ಮಿಲ್ ಮೇಲೆ ಓಟ, ಐವತ್ತು ಜಂಪಿಂಗ್ ಜ್ಯಾಕ್, ಇಪ್ಪತ್ತರಂತೆ ಐದು ಸುತ್ತು ಬಸ್ಕಿ, ಮಧ್ಯೆ ಲಂಜಸ್ (ಒಂದು ಕಾಲು ಮುಂದಿಟ್ಟು ಮಂಡಿ ಬಗ್ಗಿಸುವುದು), ಕೊನೆಗೆ ಬರ್ಪಿ (ನೆಲಕ್ಕೆ ಕೈಯೂರಿ ಕಾಲು ಹಿಂದಕ್ಕೆ ಚಾಚಿ, ಎದ್ದು ಹಾರುವುದು). ನಿಲ್ಲಿಸಿದರೆ "ಇನ್ ಹತ್ತೇ ಹತ್ತು ಸರ್, ಬಿಡ್ಬೇಡಿ." ಮಂಗಳವಾರ ಮೈ ಬಿಗಿ. ಬುಧವಾರ ಬೆಳಿಗ್ಗೆ ಕಮೋಡ್ ಮೇಲಿಂದ ಏಳಲು ಗೋಡೆ ಹಿಡಿಯಬೇಕು, ಮೆಟ್ಟಿಲನ್ನು ಹಿಂದುಮುಂದಾಗಿ ಇಳಿಯಬೇಕು. ಗುರುವಾರ ಒಂದು ನೋವಿನ ಮಾತ್ರೆ, ಶುಕ್ರವಾರ ಮಂಡಿ ಊತ. ಮುಂದಿನ ಸೋಮವಾರ ಜಿಮ್ ಬ್ಯಾಗು ಬಾಗಿಲ ಹಿಂದೆ.

ಇಲ್ಲಿ ಮೋಸ ಮಾಡಿದ್ದು "ಬಾಡಿವೇಟ್", ಅಂದರೆ ಸ್ವಂತ ಮೈತೂಕ, ಅನ್ನುವ ಪದ. ಬಸ್ಕಿ ಹೊಡೆಯುವಾಗ ಮಂಡಿಯಿಂದ ಕೆಳಗಿನ ಭಾಗ ಬಿಟ್ಟು ಉಳಿದ ಮೈಯೆಲ್ಲ ಇಳಿದು ಏಳಬೇಕು, ಅಂದರೆ ತೂಕದ ನೂರಕ್ಕೆ ಹೆಚ್ಚುಕಡಿಮೆ 88 ಪಾಲು. 60 ಕೆಜಿಯ ಟ್ರೇನರ್‌ಗೆ ಅದು 53 ಕೆಜಿ. 110 ಕೆಜಿಯವರಿಗೆ 97 ಕೆಜಿ. ನೆಲದ ಮೇಲಿನ ಪುಶ್‌ಅಪ್‌ನಲ್ಲಿ ಕೈ ಹೊರುವುದು ತೂಕದ ಮೂರನೇ ಎರಡು ಪಾಲು, ಇಲ್ಲಿ 70 ಕೆಜಿಗೂ ಮೇಲೆ. ಅದೇ ಜಿಮ್‌ನ ಮೂಲೆಯಲ್ಲಿ ನಿಂತಿರುವ ಮಷೀನಿನಲ್ಲಿ ಪಿನ್ ಹಾಕಿದರೆ ಹತ್ತು ಕೆಜಿಯಿಂದಲೇ ಶುರುಮಾಡಬಹುದು. "ವೇಟ್ ಬೇಡ" ಎಂದು ಮಷೀನು ತಪ್ಪಿಸುವುದು ಭಾರದ ಕೆಲಸ ಕೊಟ್ಟು ಹಗುರದ್ದನ್ನು ಬಚ್ಚಿಟ್ಟ ಹಾಗೆ. ನಮ್ಮ ಅಭಿಪ್ರಾಯದಲ್ಲಿ ದಪ್ಪ ಇರುವವರಿಗೆ ಮೊದಲ ಎರಡು ತಿಂಗಳು ಮಷೀನೇ ಗೆಳೆಯ.

ನೋವು ಬುಧವಾರ ಹೆಚ್ಚಾದದ್ದಕ್ಕೂ ಕಾರಣವಿದೆ. ಬಸ್ಕಿಯಲ್ಲಿ ಇಳಿಯುವಾಗ, ಹಾರಿ ನೆಲ ಮುಟ್ಟುವಾಗ, ತೊಡೆಯ ಸ್ನಾಯು ಉದ್ದವಾಗುತ್ತಲೇ ಭಾರ ತಡೆಯಬೇಕು. ಸ್ನಾಯುವಿನ ಎಳೆಗಳು ಹೆಚ್ಚು ಹರಿಯುವುದು ಆಗಲೇ. ಅದರ ನೋವು 24ರಿಂದ 72 ಗಂಟೆಯ ನಡುವೆ ತುದಿ ಮುಟ್ಟಿ ತಾನೇ ಇಳಿಯುತ್ತದೆ. ಇದಕ್ಕೆ ಹೆದರಬೇಕಿಲ್ಲ.

ಹೆದರಬೇಕಾದದ್ದು ಬೇರೆ. ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ, ತೊಡೆ ಅಥವಾ ತೋಳು ಊದಿ ಕಲ್ಲಿನ ಹಾಗೆ ಬಿಗಿದುಕೊಂಡರೆ, ಕೈಕಾಲು ಎತ್ತಲಾರದಷ್ಟು ಸೋತರೆ, ಅದು ರಾಬ್ಡೋಮಯೋಲಿಸಿಸ್ ಇರಬಹುದು. ಸ್ನಾಯುಕೋಶ ಒಡೆದು ಮಯೋಗ್ಲೋಬಿನ್ ಎಂಬ ಪ್ರೋಟೀನ್ ರಕ್ತಕ್ಕೆ ಸೇರಿ ಕಿಡ್ನಿಗೆ ಹೊಡೆತ ಕೊಡುತ್ತದೆ. ಅಂದೇ ಆಸ್ಪತ್ರೆಗೆ ಹೋಗಿ. ಸ್ನಾಯು ಎಷ್ಟು ಒಡೆದಿದೆ ಎಂದು ತಿಳಿಸುವ ಸಿಪಿಕೆ, ಕಿಡ್ನಿಯ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆ ಮಾಡುತ್ತಾರೆ. ಮೆಡಿಕಲ್ ಶಾಪಿನ ಐಬುಪ್ರೊಫೆನ್, ಡೈಕ್ಲೋಫೆನ್ಯಾಕ್ ನುಂಗಿ ಕಾಯಬೇಡಿ, ಸೋತ ಕಿಡ್ನಿಗೆ ಅವು ಇನ್ನಷ್ಟು ಹೊರೆ. ಕೊಲೆಸ್ಟ್ರಾಲ್‌ಗೆ ಸ್ಟ್ಯಾಟಿನ್ ತೆಗೆದುಕೊಳ್ಳುವವರು, ಥೈರಾಯ್ಡ್ ಕಡಿಮೆ ಇದ್ದು ಮಾತ್ರೆ ಸರಿಯಾಗಿ ತೆಗೆದುಕೊಳ್ಳದವರು, ಸೆಕೆಯಲ್ಲಿ ನೀರು ಕುಡಿಯದೆ ಬೆವರುವವರು ಇದಕ್ಕೆ ಬೇಗ ಸಿಕ್ಕಿಬೀಳುತ್ತಾರೆ. ಅಪರೂಪದ ಕಾಯಿಲೆ ಹೌದು. ಆದರೆ ಅಭ್ಯಾಸವೇ ಇಲ್ಲದವರಿಗೆ ಮೊದಲ ದಿನ ನೂರು ಬಸ್ಕಿ ಹೊಡೆಸುವುದು ಅದನ್ನು ಕರೆದು ಕೂರಿಸಿದ ಹಾಗೆ.

ಸೇರುವ ಮೊದಲು ಬಿಪಿ, ಶುಗರ್ ನೋಡಿಸಿ. ಇನ್ಸುಲಿನ್ ಅಥವಾ ಗ್ಲಿಮಿಪಿರೈಡ್ ಥರದ ಮಾತ್ರೆ ಇದ್ದರೆ ವ್ಯಾಯಾಮದ ನಡುವೆ ಸಕ್ಕರೆ ಇಳಿದುಬಿಡಬಹುದು. ಡಾಕ್ಟರಿಗೆ ಹೇಳಿ, ಜೇಬಿನಲ್ಲಿ ಗ್ಲೂಕೋಸ್ ಇಟ್ಟುಕೊಳ್ಳಿ. ಬಿಪಿಗೆ ಬೀಟಾ ಬ್ಲಾಕರ್ ತೆಗೆದುಕೊಳ್ಳುವವರು ವಾಚಿನ ಹಾರ್ಟ್ ರೇಟ್ ನಂಬುವ ಹಾಗಿಲ್ಲ, ಆ ಮಾತ್ರೆ ಎದೆಬಡಿತ ಹೆಚ್ಚು ಏರಲು ಬಿಡುವುದಿಲ್ಲ. ಮಾತೇ ಅಳತೆಗೋಲು: ಪೂರ್ತಿ ವಾಕ್ಯ ಆಡಲು ಬರಬೇಕು, ಹಾಡಲು ಬರಬಾರದು, ಅಷ್ಟು ಸಾಕು.

ಇನ್ನು ಮೊದಲ ದಿನ ನಿಜಕ್ಕೂ ಏನು ಮಾಡಬೇಕು. ಟ್ರೆಡ್‌ಮಿಲ್ ಮೇಲೆ ಗಂಟೆಗೆ 3ರಿಂದ 3.5 ಕಿಮೀ ವೇಗದಲ್ಲಿ ಹತ್ತು ನಿಮಿಷ ನಡಿಗೆ, ಏರು ಸೊನ್ನೆ, ಕೆಂಪು ಸೇಫ್ಟಿ ಕ್ಲಿಪ್ ಬಟ್ಟೆಗೆ ಸಿಕ್ಕಿಸಿ. ಆಮೇಲೆ ಬಸ್ಕಿಯ ಬದಲು ಬೆಂಚಿನ ಮೇಲೆ ಕೂತು ಏಳುವುದು, ಎಂಟು ಸಲ. ಕಾಲು ಭುಜಕ್ಕಿಂತ ಅಗಲ, ಪಾದ ತುಸು ಹೊರಕ್ಕೆ ತಿರುಗಿರಲಿ. ಹೊಟ್ಟೆಗೆ ತೊಡೆಗಳ ನಡುವೆ ಜಾಗ ಸಿಗದೆ ಹೋದರೆ ಬೆನ್ನು ಗೂನಾಗುತ್ತದೆ, ಭಾರವೆಲ್ಲ ಸೊಂಟಕ್ಕೆ ಬೀಳುತ್ತದೆ. ಬೆಂಚು ತಗ್ಗಾದರೆ ಮೇಲೊಂದು ಸ್ಟೆಪ್ ಹಲಗೆ ಇಟ್ಟು ಎತ್ತರಿಸಿ, ನಾಚಿಕೆ ಬೇಡ. ನಂತರ ಮೇಲಿನ ಕಂಬಿಯನ್ನು ಕೂತು ಎದೆಯತ್ತ ಎಳೆಯುವ ಲ್ಯಾಟ್ ಪುಲ್‌ಡೌನ್ 15 ಕೆಜಿ. ತೊಡೆ ಒತ್ತುವ ರೋಲರ್ ಮೇಲೆತ್ತಲು ಪಕ್ಕದಲ್ಲಿ ಒಂದು ಪಿನ್ ಇರುತ್ತದೆ. ಎಷ್ಟೋ ಜನ ಅದು ಗೊತ್ತಿಲ್ಲದೆ "ಈ ಮಷೀನು ನನಗೆ ಹಿಡಿಸಲ್ಲ" ಎಂದು ಎದ್ದುಬಿಡುತ್ತಾರೆ. ಆಮೇಲೆ ಕೂತು ಎಳೆಯುವ ರೋ, ಕೂತು ತಳ್ಳುವ ಚೆಸ್ಟ್ ಪ್ರೆಸ್. ಎಲ್ಲವೂ ಒಂದೊಂದೇ ಸೆಟ್ (ಸುತ್ತು), ಎಂಟರಿಂದ ಹತ್ತು ಸಲ. "ಇನ್ನೂ ನಾಲ್ಕು ಆಗುತ್ತಿತ್ತು" ಅನ್ನಿಸುವಾಗ ನಿಲ್ಲಿಸಿ. ತಳ್ಳುವಾಗ ಉಸಿರು ಬಿಡಿ. ಬಿಗಿಹಿಡಿದರೆ ಬಿಪಿ ಒಮ್ಮೆಗೆ ಜಿಗಿಯುತ್ತದೆ. ಒಟ್ಟು ಮೂವತ್ತೈದು ನಿಮಿಷ, ಮನೆಗೆ ಹೊರಡಿ. ಬೆವರೇ ಬರಲಿಲ್ಲ ಅನ್ನಿಸಿದರೆ ಸರಿಯಾಗಿಯೇ ಮಾಡಿದ್ದೀರಿ.

ಒಂದು ದಿನ ಬಿಟ್ಟು ಒಂದು ದಿನ, ವಾರಕ್ಕೆ ಮೂರು ಸಲ ಹೀಗೆ. ಮೂರನೇ ವಾರ ಎರಡನೇ ಸೆಟ್, ಐದನೇ ವಾರ ಒಂದು ಪ್ಲೇಟ್ ಜಾಸ್ತಿ. ನಡಿಗೆ ವಾರಕ್ಕೆರಡು ನಿಮಿಷ ಏರಲಿ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ವಾರಕ್ಕೆ 150 ನಿಮಿಷ ಮೂರು ನಾಲ್ಕು ತಿಂಗಳ ಆಚೆಯ ಗುರಿ, ಮೊದಲ ವಾರದ್ದಲ್ಲ. ಕ್ರಂಚಸ್ ಬೇಡವೇ ಬೇಡ, ಹೊಟ್ಟೆಯ ವ್ಯಾಯಾಮ ಮಾಡಿದರೆ ಹೊಟ್ಟೆಯ ಕೊಬ್ಬೇ ಕರಗುತ್ತದೆ ಎಂದೇನಿಲ್ಲ. ಎರಡು ಕೈಯಲ್ಲೂ ಡಂಬೆಲ್ ಹಿಡಿದು ನೆಟ್ಟಗೆ ನಡೆದರೆ ಅದೇ ಸ್ನಾಯುಗಳಿಗೆ ಕೆಲಸ.

ಟ್ರೆಡ್‌ಮಿಲ್ ಹತ್ತುವ ಮುನ್ನ ಅದರ ತೂಕದ ಮಿತಿಯ ಸ್ಟಿಕರ್ ಹುಡುಕಿ. ಮನೆಬಳಕೆಯ ಎಷ್ಟೋ ಮಾಡೆಲ್‌ಗಳ ಮಿತಿ 100ರಿಂದ 120 ಕೆಜಿ, ಬಡಾವಣೆಯ ಸಣ್ಣ ಜಿಮ್‌ಗಳು ಅಂಥದ್ದನ್ನೇ ತಂದು ಹಾಕಿರುವುದುಂಟು. ಬೆಂಚಿಗೂ, ಸೈಕಲ್ ಸೀಟಿಗೂ ಇದೇ ಮಾತು.

ಯಾರೂ ಬಾಯಿಬಿಟ್ಟು ಹೇಳದ ಇನ್ನೊಂದು ತೊಂದರೆ, ತೊಡೆ ಸಂದಿಯ ಉಜ್ಜುಗಾಯ. ಮೊದಲ ವಾರ ಜಿಮ್ ಬಿಡಿಸುವುದು ಎಷ್ಟೋ ಸಲ ಮಂಡಿನೋವಿಗಿಂತ ಇದೇ. ಮಂಡಿಯ ತನಕ ಬರುವ ಲೈಕ್ರಾ ಚಡ್ಡಿ ಒಳಗೆ ಹಾಕಿ, ಉಜ್ಜುವ ಕಡೆ ವ್ಯಾಸಲೀನ್ ಸವರಿ. ಹೆಂಗಸರು ಗಟ್ಟಿ ಸ್ಪೋರ್ಟ್ಸ್ ಬ್ರಾದ ಅಂಚಿಗೂ ಹಚ್ಚಬೇಕು. ಮುಗಿದ ಕೂಡಲೇ ಒದ್ದೆ ಬಟ್ಟೆ ಬಿಚ್ಚಿ, ಮಡಿಕೆಗಳನ್ನು ಪೂರ್ತಿ ಒರೆಸಿ. ಹುಳುಕಡ್ಡಿ ಆದರೆ ಸ್ಟೀರಾಯ್ಡ್ ಬೆರೆತ ಮುಲಾಮು ಹಚ್ಚಬೇಡಿ. ನಾಲ್ಕು ದಿನ ನವೆ ನಿಂತು, ಆಮೇಲೆ ದುಪ್ಪಟ್ಟು ಹರಡುತ್ತದೆ.

ಕೊನೆಯದು ದುಡ್ಡಿನ ವಿಷಯ. ಮೊದಲ ದಿನ ಬರಿಗಾಲಲ್ಲಿ ನಿಲ್ಲಿಸಿ, ಹಿಡಿಕೆ ಹಿಡಿಸಿ, ಒಂದು ಮಷೀನು ಶರೀರದ ಕೊಬ್ಬಿನ ಶೇಕಡಾವಾರು ಪ್ರಿಂಟ್ ಕೊಡುತ್ತದೆ. ಅದು ಅಳೆಯುವುದು ಮೈಯಲ್ಲಿ ಹರಿಯುವ ಸಣ್ಣ ವಿದ್ಯುತ್ತಿಗೆ ಆಗುವ ತಡೆಯನ್ನು. ನೀರು ಕುಡಿದಿದ್ದೀರಾ, ಊಟ ಆಗಿದೆಯಾ, ಬೆವರಿದ್ದೀರಾ ಎನ್ನುವುದರ ಮೇಲೆ ಅಂಕಿ ಬದಲಾಗುತ್ತದೆ. ಆ ಕಾಗದ ಮುಂದಿಟ್ಟು ಪರ್ಸನಲ್ ಟ್ರೇನಿಂಗ್ ಪ್ಯಾಕೇಜು, ಫ್ಯಾಟ್ ಬರ್ನರ್ ಡಬ್ಬಿ ಮಾರುತ್ತಾರೆ. ಅಂಥ ಎಷ್ಟೋ ಡಬ್ಬಿಗಳ ಮುಖ್ಯ ಸರಕು ಕೆಫೀನ್, ಬಿಪಿ ಇರುವವರಿಗೆ ಅದು ಬೇಡದ ಅತಿಥಿ. ಬೆವರಿಳಿಸುವ ಪ್ಲಾಸ್ಟಿಕ್ ಸೂಟಿನಿಂದ ಹೋಗುವುದು ಬರೀ ನೀರು, ಎರಡು ಚೊಂಬು ಕುಡಿದರೆ ವಾಪಸ್.

ವರ್ಷದ ಮೆಂಬರ್‌ಶಿಪ್ ಅಗ್ಗ ಕಾಣುತ್ತದೆ, ಆದರೂ ಒಂದೇ ತಿಂಗಳಿನದು ಕಟ್ಟಿ. ಬಿಲ್ ಕೇಳಿ ಪಡೆಯಿರಿ. ಮೆಂಬರ್‌ಶಿಪ್ ಕೆಲವು ದಿನ ತಡೆಹಿಡಿಯುವ (ಫ್ರೀಜ್), ಹಣ ಹಿಂತಿರುಗಿಸುವ ಷರತ್ತು ಬಾಯಲ್ಲಿ ಹೇಳಿದ್ದನ್ನು ವಾಟ್ಸಾಪಿನಲ್ಲಿ ಬರೆಸಿಕೊಳ್ಳಿ. ಕೊಟ್ಟ ಮಾತಿಗೆ ತಪ್ಪಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು, ಅಲ್ಲೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗ ಇದೆ. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ದೂರಿಗೆ ಶುಲ್ಕ ಇಲ್ಲ.