ಕಡ್ಡಿ ನೆಡುವುದೋ, ಗೂಟಿ ಕಟ್ಟುವುದೋ

ಮೆಚ್ಚಿದ ಗಿಡದಿಂದ ಅದೇ ಗುಣದ ಇನ್ನೊಂದು ಗಿಡ ಬೇಕೆಂದರೆ ಮನೆಯಲ್ಲೇ ಮಾಡಬಹುದಾದ ದಾರಿ ಮುಖ್ಯವಾಗಿ ಎರಡು. ಕೊಂಬೆ ಕತ್ತರಿಸಿ ಮಣ್ಣಿಗೆ ಊರಿ ಬೇರು ಬರಿಸುವುದು ಒಂದು, ಇದು ಕಡ್ಡಿ. ಕೊಂಬೆ ಗಿಡದಲ್ಲಿರುವಾಗಲೇ ಬೇರು ಬರಿಸಿ, ಆಮೇಲೆ ಕತ್ತರಿಸುವುದು ಇನ್ನೊಂದು, ಇದು ಗೂಟಿ. ಒಂದೇ ತಾಯಿಗಿಡದ ಮೇಲೆ ಒಂದೇ ವಾರದಲ್ಲಿ ಎರಡನ್ನೂ ಮಾಡಿ ಪಕ್ಕಪಕ್ಕದಲ್ಲಿ ನೋಡಿದರೆ ಒಂದು ಸಂಗತಿ ಬೇಗ ತಿಳಿಯುತ್ತದೆ: ಎರಡೂ ಕೈಕೊಡುತ್ತವೆ, ಆದರೆ ಬೇರೆ ಬೇರೆ ಹೊತ್ತಿಗೆ. ಕಡ್ಡಿ ಸಾಯುವುದು ಬೇರು ಬರುವ ಮೊದಲು. ಗೂಟಿ ಸಾಯುವುದು ಬೇರು ಬಂದಮೇಲೆ, ತಾಯಿಯಿಂದ ಬಿಡಿಸಿದ ಒಂದೆರಡು ವಾರದಲ್ಲಿ. ಯಾವುದಕ್ಕೆ ಯಾವಾಗ ಕಾವಲು ಬೇಕು ಎಂಬುದು ಇದರಿಂದಲೇ ಗೊತ್ತಾಗುತ್ತದೆ.

ಮೊದಲು ಕಡ್ಡಿ. ಪೆನ್ಸಿಲ್ ದಪ್ಪದ, ಹಸಿರು ಮಾಸಿ ಕಂದು ಬಣ್ಣಕ್ಕೆ ತಿರುಗುತ್ತಿರುವ ಕೊಂಬೆ ಬೇಕು. ಉದ್ದ 15ರಿಂದ 20 ಸೆಂ.ಮೀ., ಗಿಣ್ಣು ಮೂರೋ ನಾಲ್ಕೋ. ಕೆಳತುದಿಯನ್ನು ಗಿಣ್ಣಿನ ತುಸು ಕೆಳಗೆ ಓರೆಯಾಗಿ, ಮೇಲ್ತುದಿಯನ್ನು ಕಣ್ಣಿನಿಂದ (ಚಿಗುರು ಒಡೆಯುವ ಜಾಗ) 1 ಸೆಂ.ಮೀ. ಮೇಲೆ ನೇರವಾಗಿ ಕತ್ತರಿಸಿ. ಹೀಗೆ ಮಾಡಿದರೆ ತಲೆಕೆಳಗಾಗಿ ನೆಡುವ ಭಯವಿಲ್ಲ. ಕಡ್ಡಿಗಳನ್ನು ರಾಶಿ ಹಾಕಿಕೊಂಡು ಕೂತಾಗ ಆ ತಪ್ಪು ಆಗಿಯೇ ಆಗುತ್ತದೆ. ಮೇಲಿನ ಎರಡೆಲೆ ಬಿಟ್ಟು ಉಳಿದದ್ದನ್ನು ತೆಗೆಯಿರಿ. ಆ ಎರಡೂ ದೊಡ್ಡದಾಗಿದ್ದರೆ ಅರ್ಧಕ್ಕೆ ಕತ್ತರಿಸಿ. ಹೂಮೊಗ್ಗಿದ್ದರೆ ಚಿವುಟಿ ಹಾಕಿ.

ಬೇರು ಬರಿಸುವ ಪುಡಿಯಲ್ಲಿ ಇರುವ ಹಾರ್ಮೋನ್ ಸಾಮಾನ್ಯವಾಗಿ ಐಬಿಎ, ಅಂದರೆ ಇಂಡೋಲ್ ಬ್ಯುಟೈರಿಕ್ ಆಸಿಡ್. ಎಳೆಯ ಕಡ್ಡಿಗೆ 500ರಿಂದ 1000 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ ಇಷ್ಟು ಭಾಗ), ಅರೆಬಲಿತದ್ದಕ್ಕೆ 1000ದಿಂದ 3000, ಗಟ್ಟಿಯಾಗಿ ಬಲಿತ ಕಡ್ಡಿಗೆ ಅದಕ್ಕೂ ಹೆಚ್ಚು ಬೇಕಾಗುತ್ತದೆ. ಎಳೆಯ ಕಡ್ಡಿಗೆ ಗಾಢ ಪುಡಿ ಹಾಕಿದರೆ ಬುಡ ಸುಟ್ಟಂತೆ ಕಪ್ಪಾಗುತ್ತದೆ. ಬೇಕಾದಷ್ಟನ್ನೇ ಕಾಗದದ ಮೇಲೆ ಸುರಿದುಕೊಂಡು ಅದ್ದಿ, ಉಳಿದದ್ದನ್ನು ಎಸೆಯಿರಿ. ಡಬ್ಬಿಯೊಳಗೇ ಒದ್ದೆ ಕಡ್ಡಿ ಅದ್ದಿದರೆ ಪೂರ್ತಿ ಪುಡಿ ಕೆಡುತ್ತದೆ. ಬಿಸಿಲಲ್ಲಿಟ್ಟ ಹಳೆಯ ಪುಡಿಯನ್ನು ನಂಬಬೇಡಿ. ಜೇನುತುಪ್ಪ ಹಚ್ಚುವುದನ್ನು ಬಹಳ ಜನ ಹೇಳುತ್ತಾರೆ; ಅದು ಗಾಯಕ್ಕೆ ಕೊಳೆ ಹತ್ತದಂತೆ ಅಲ್ಪಸ್ವಲ್ಪ ತಡೆದೀತು, ಬೇರು ಬರಿಸುವ ಶಕ್ತಿ ಅದಕ್ಕಿಲ್ಲ.

ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಮತ್ತು ಪರ್ಲೈಟ್ (ಹಗುರವಾದ ಬಿಳಿ ಹರಳು), ಇಲ್ಲವೇ ಕೊಕೊಪೀಟ್ ಮತ್ತು ದಪ್ಪ ಮರಳು ಸಮಸಮ ಬೆರೆಸಿ ನೆಡಿ. ಗೊಬ್ಬರ ಬೇಡ. ಮೊದಲು ಬೇರೆ ಕೋಲಿನಿಂದ ತೂತು ಮಾಡಿ, ಆಮೇಲೆ ಕಡ್ಡಿಯನ್ನು 5-7 ಸೆಂ.ಮೀ. ಇಳಿಸಿ. ತೂತು ಮಾಡದೆ ನೇರವಾಗಿ ಚುಚ್ಚಿದರೆ ಪುಡಿಯೆಲ್ಲ ಮೇಲೇ ಉಳಿಯುತ್ತದೆ. ಮೇಲೆ ಪ್ಲಾಸ್ಟಿಕ್ ಕವರ್ ಮುಚ್ಚಿ, ಬೆಳಕಿರುವ ನೆರಳಿನಲ್ಲಿಡಿ. ಕವರಿನ ಮೇಲೆ ನೇರ ಬಿಸಿಲು ಬಿದ್ದರೆ ಒಳಗಿನ ಕಡ್ಡಿ ಬೇಯುತ್ತದೆ.

ಇಲ್ಲಿ ಎಲ್ಲರೂ ಮೋಸಹೋಗುವ ಒಂದು ಘಟ್ಟವಿದೆ. ಹತ್ತನೇ ದಿನಕ್ಕೆ ಕಡ್ಡಿ ಚಿಗುರುತ್ತದೆ, ಗುಲಾಬಿಯಂತೂ ಖಂಡಿತ. ಆ ಚಿಗುರು ಕಡ್ಡಿಯೊಳಗೆ ಕೂಡಿಟ್ಟ ಆಹಾರದಿಂದ ಬಂದದ್ದು, ಬೇರಿನಿಂದಲ್ಲ. ಸಂಭ್ರಮದಲ್ಲಿ ಕವರ್ ತೆಗೆದರೆ ಮೂರನೇ ವಾರಕ್ಕೆ ಬಾಡಿ ಒಣಗುತ್ತದೆ. ಎಳೆದು ನೋಡಲೂಬೇಡಿ, ಹುಟ್ಟುತ್ತಿರುವ ಬೇರು ಮುರಿಯುತ್ತದೆ. ಕುಂಡದ ತಳದ ತೂತಿನಲ್ಲಿ ಬಿಳಿ ಬೇರು ಕಂಡಾಗ ಕವರಿಗೆ ಒಂದೆರಡು ತೂತು ಮಾಡಿ, ವಾರದುದ್ದಕ್ಕೂ ಸ್ವಲ್ಪ ಸ್ವಲ್ಪವೇ ತೆರೆಯಿರಿ. ದಾಸವಾಳಕ್ಕೆ ಒಂದರಿಂದ ಒಂದೂವರೆ ತಿಂಗಳು, ಗುಲಾಬಿಗೆ ಎರಡು ತಿಂಗಳವರೆಗೂ ತಾಳ್ಮೆ ಬೇಕು.

ಇನ್ನು ಗೂಟಿ. ಇದರ ಗುಟ್ಟು ತೊಗಟೆಯಲ್ಲಿದೆ. ಎಲೆಯಲ್ಲಿ ತಯಾರಾದ ಸಕ್ಕರೆಯೂ ಬೇರು ಹುಟ್ಟಿಸುವ ಹಾರ್ಮೋನೂ ತೊಗಟೆಯ ಮೂಲಕ ಕೆಳಗಿಳಿಯುತ್ತವೆ. ನೀರು ಒಳಗಿನ ಕಟ್ಟಿಗೆಯ ಮೂಲಕ ಮೇಲೇರುತ್ತದೆ. ತೊಗಟೆಯನ್ನಷ್ಟೇ ಬಳೆಯಂತೆ ಸುತ್ತ ಬಿಡಿಸಿದರೆ ಕೊಂಬೆಗೆ ನೀರು ತಪ್ಪದು, ಇಳಿಯುವ ಆಹಾರ ಮಾತ್ರ ಗಾಯದ ಮೇಲಂಚಿನಲ್ಲಿ ತಡೆದು ನಿಲ್ಲುತ್ತದೆ. ಬೇರು ಹೊರಡುವುದು ಆ ಮೇಲಂಚಿನಿಂದಲೇ. ಆದ್ದರಿಂದ ಪುಡಿಯನ್ನು ಅಲ್ಲಿಗೆ ಹಚ್ಚಿ. ಕೆಳಗಿನ ಅಂಚಿಗೆ ಹಚ್ಚಿದ್ದು ದಂಡ.

ಪೆನ್ಸಿಲಿನಿಂದ ಹೆಬ್ಬೆರಳಿನ ದಪ್ಪದವರೆಗಿನ ಕೊಂಬೆ ಆಗುತ್ತದೆ. ತುದಿಯಿಂದ 30-45 ಸೆಂ.ಮೀ. ಹಿಂದಕ್ಕೆ, ಒಂದು ಗಿಣ್ಣಿನ ಕೆಳಗೆ, 2ರಿಂದ 3 ಸೆಂ.ಮೀ. ಅಗಲದ ತೊಗಟೆ ಬಿಡಿಸಿ. ಗಿಡ ಚೆನ್ನಾಗಿ ಚಿಗುರುವ ಕಾಲದಲ್ಲಿ ತೊಗಟೆ ಸಲೀಸಾಗಿ ಕಳಚುತ್ತದೆ. ಕಿತ್ತು ಕಿತ್ತು ಬರುತ್ತಿದ್ದರೆ ಕಾಲ ಸರಿಯಿಲ್ಲವೆಂದೇ ತಿಳಿಯಿರಿ. ತೊಗಟೆ ತೆಗೆದಮೇಲೆ ಕೈಗೆ ಜಾರುವ ತೆಳು ಪದರವೊಂದು ಉಳಿದಿರುತ್ತದೆ. ಅದನ್ನು ಚಾಕುವಿನ ಬೆನ್ನಿನಿಂದ ಕೆರೆದು ತೆಗೆಯದಿದ್ದರೆ ಗಾಯ ಕೂಡಿಕೊಂಡುಬಿಡುತ್ತದೆ. ಎರಡು ತಿಂಗಳು ಕಾದು ಬಿಚ್ಚಿದಾಗ ಬೇರಿನ ಬದಲು ಹೊಸ ತೊಗಟೆ ಕಂಡರೆ ಕಾರಣ ಇದೇ.

ನೆನೆಸಿ ಹಿಂಡಿದ ಸ್ಫ್ಯಾಗ್ನಂ ಪಾಚಿಯನ್ನೋ ಕೊಕೊಪೀಟನ್ನೋ ಒಂದು ಹಿಡಿಯಷ್ಟು ಗಾಯದ ಸುತ್ತ ಒತ್ತಿ, ಪ್ಲಾಸ್ಟಿಕ್ ಹಾಳೆ ಸುತ್ತಿ, ಎರಡೂ ಕಡೆ ಬಿಗಿಯಾಗಿ ಕಟ್ಟಿ. ಹಿಂಡಿದರೂ ನೀರು ತೊಟ್ಟಿಕ್ಕಬಾರದು. ಮೇಲಿನ ಕಟ್ಟು ಸಡಿಲವಾದರೆ ಮಳೆನೀರು ಕೊಂಬೆಗುಂಟ ಇಳಿದು ಒಳಗೆಲ್ಲ ಕೊಳೆಯುತ್ತದೆ. ಕೆಳಗಿನದು ಸಡಿಲವಾದರೆ ಪಾಚಿ ಒಣಗಿ ಇರುವೆ ಗೂಡು ಕಟ್ಟುತ್ತದೆ. ಬಿಸಿಲು ಬೀಳುವ ಜಾಗವಾದರೆ ಮೇಲೊಂದು ಅಲ್ಯೂಮಿನಿಯಂ ಹಾಳೆ ಸುತ್ತಿ. ಒಂದು ಗಿಡದಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕೊಂಬೆಗಳಿಗೆ ಗೂಟಿ ಕಟ್ಟಬೇಡಿ. ಕಟ್ಟಿದ ಕೊಂಬೆಯಿಂದ ತಾಯಿಯ ಬೇರಿಗೆ ಆಹಾರ ಇಳಿಯುವುದಿಲ್ಲ.

ಬೇರು ಕಂಡ ಕೂಡಲೇ ಕತ್ತರಿಸುವುದು ಗೂಟಿಯ ದೊಡ್ಡ ತಪ್ಪು. ಬಿಳಿ ಎಳೆಬೇರು ನಾಲ್ಕಾರು ಕಂಡರೆ ಸಾಲದು. ಅವು ಕಂದು ಬಣ್ಣಕ್ಕೆ ತಿರುಗಿ, ಕವಲೊಡೆದು, ಪಾಚಿಯ ಉಂಡೆಯ ತುಂಬ ಹರಡಬೇಕು. ಎಲೆ ತುಂಬಿದ ಕೊಂಬೆಗೆ ಮುಷ್ಟಿಯಷ್ಟು ಬೇರು ನೀರು ಕೊಡಲಾರದು, ಹೀಗಾಗಿ ಕತ್ತರಿಸುವ ದಿನವೇ ಅರ್ಧದಷ್ಟು ಎಲೆ ಇಳಿಸಿ. ಇನ್ನೂ ಭದ್ರವಾಗಿ ಮಾಡಬೇಕೆಂದರೆ ಉಂಡೆಯ ಕೆಳಗೆ ಮೊದಲು ಅರ್ಧ ದಪ್ಪಕ್ಕೆ ಕಚ್ಚು ಹಾಕಿ, ಒಂದು ವಾರದ ನಂತರ ಪೂರ್ತಿ ಕತ್ತರಿಸಿ. ಪ್ಲಾಸ್ಟಿಕ್ ಮಾತ್ರ ಬಿಚ್ಚಿ, ಪಾಚಿ ಕೀಳಬೇಡಿ. ಕುಂಡಕ್ಕೆ ಹಾಕಿ ಕೋಲು ಕಟ್ಟಿ, ಮೂರು-ನಾಲ್ಕು ವಾರ ನೆರಳಿನಲ್ಲಿಡಿ.

ಲೆಕ್ಕ ಹಾಕಿದರೆ ಕಡ್ಡಿಯ ಬಲ ಸಂಖ್ಯೆಯಲ್ಲಿದೆ. ಗೂಟಿಯಿಂದ ಒಂದು ಗಿಡ ಸಿಗುವ ಕೊಂಬೆಯಲ್ಲಿ ಎರಡು ಮೂರು ಕಡ್ಡಿ ಆಗುತ್ತವೆ, ಅರ್ಧ ಸತ್ತರೂ ನಷ್ಟವಿಲ್ಲ. ಗೂಟಿಯ ಬಲ ಗಾತ್ರದಲ್ಲಿದೆ: ದಿನವೂ ಉಪಚಾರ ಬೇಡ, ಕೈಗೆ ಬರುವುದೇ ದೊಡ್ಡ ಗಿಡ, ಹೂ ಕಾಯಿ ಬೇಗ. ನೆಟ್ಟಗೆ ಆಳಕ್ಕಿಳಿಯುವ ತಾಯಿಬೇರು ಎರಡಕ್ಕೂ ಇಲ್ಲ. ಆದರೂ ಗೂಟಿ ಗಿಡ ತಲೆಭಾರದ್ದು, ಗಾಳಿಗೆ ಮೊದಲು ಮಲಗುವುದು ಅದೇ. ನೆಲಕ್ಕೆ ಹಾಕಿದ ಮೇಲೂ ಒಂದು ವರ್ಷ ಆಸರೆಕೋಲು ಬೇಕು.

ಗಿಡವಾರು ತೀರ್ಪು ಹೇಳುವುದಾದರೆ ದಾಳಿಂಬೆ, ಅಂಜೂರ, ಸಾದಾ ಕೆಂಪು ದಾಸವಾಳಕ್ಕೆ ಕಡ್ಡಿಯೇ ಸಾಕು, ಗೂಟಿ ಕಟ್ಟುವುದು ವೃಥಾ ಶ್ರಮ. ದೊಡ್ಡ ಹೂವಿನ ಹೈಬ್ರಿಡ್ ದಾಸವಾಳಗಳ ಕಡ್ಡಿ ಹಟಮಾರಿ, ಅಲ್ಲಿ ಗೂಟಿ ಗೆಲ್ಲುತ್ತದೆ. ಸೀಬೆ, ಲಿಚಿಗೆ ಗೂಟಿಯೇ. ಲಿಂಬೆಗೂ ಅದೇ ಮೇಲು. ಉದ್ದಕ್ಕೆ ಬೆಳೆದು ಬುಡ ಬೋಳಾದ ಕ್ರೋಟನ್, ರಬ್ಬರ್ ಗಿಡಗಳಿಗೆ ಗೂಟಿಯಿಂದ ಎರಡು ಲಾಭ: ಮೇಲಿನದು ಹೊಸ ಗಿಡವಾಗುತ್ತದೆ, ಕೆಳಗಿನ ಮೋಟು ಕವಲೊಡೆದು ಚಿಗುರುತ್ತದೆ. ರಬ್ಬರ್ ಗಿಡದ ಹಾಲನ್ನು ಒರೆಸಿ, ಸೋರುವುದು ನಿಂತಮೇಲೆ ಪಾಚಿ ಕಟ್ಟಿ. ಬೋಗನ್‌ವಿಲ್ಲಾ ಕಡ್ಡಿಯಿಂದ ಬರುತ್ತದೆ, ಆದರೆ ಅದರ ಬೇರು ಕೂದಲಿನಷ್ಟು ನಾಜೂಕು. ಕುಂಡ ಬದಲಿಸುವಾಗ ಮಣ್ಣು ಉದುರಿದರೆ ಗಿಡವೂ ಹೋಯಿತು. ಮಾವು, ಹಲಸಿಗೆ ಇವೆರಡರ ಹಿಂದೆ ಬೀಳಬೇಡಿ, ಕಸಿ ಮಾಡಿ.

ಮಲ್ಲಿಗೆಗೆ ಎರಡಕ್ಕಿಂತಲೂ ಸುಲಭದ ಉಪಾಯವಿದೆ. ಕೆಳಗಿನ ಬಳುಕುವ ಕೊಂಬೆಯನ್ನು ನೆಲಕ್ಕೆ ಬಾಗಿಸಿ, ಒಂದು ಗಿಣ್ಣನ್ನು ತುಸು ಕೆರೆದು ನಾಲ್ಕು ಬೆರಳು ಆಳಕ್ಕೆ ಹೂತು, ಮೇಲೊಂದು ಕಲ್ಲಿಡಿ. ಮಣ್ಣು ತೇವವಾಗಿದ್ದರೆ ಸಾಕು, ಎರಡು ಮೂರು ತಿಂಗಳಲ್ಲಿ ಬೇರುಬಿಟ್ಟ ಮೇಲೆ ತಾಯಿಯ ಕಡೆಯಿಂದ ಕತ್ತರಿಸಿಕೊಳ್ಳಬಹುದು. ಪುಡಿಯೂ ಬೇಡ, ಕವರೂ ಬೇಡ.