ಥಾರು ಹೆಂಗಸರ ಬುಟ್ಟಿ: ಹೆಣಿಗೆ ಚೆನ್ನ, ಚೀಟಿ ಸರಿಯಿಲ್ಲ

ಕಳೆದ ಬೇಸಿಗೆಯಲ್ಲಿ ಮಡಿಕೇರಿಯ ಕರಕುಶಲ ಮೇಳದಲ್ಲಿ ಈ ಬುಟ್ಟಿ ಕೊಂಡೆ. 450 ರೂಪಾಯಿ. ಉತ್ತರ ಪ್ರದೇಶದ ಲಖೀಂಪುರ ಖೇರಿ ಕಡೆಯ ಥಾರು ಬುಡಕಟ್ಟಿನ ಹೆಂಗಸರು ಹೆಣೆದದ್ದು. ಒಳಗೆ ಒರಟು ಹುಲ್ಲಿನ ಸುರುಳಿ, ಅದರ ಮೇಲೆ ಬಣ್ಣ ಹಾಕಿದ ಮೂಂಜ್ ಹುಲ್ಲಿನ ಬಿಗಿಯಾದ ಸುತ್ತು. ಬೆಳಿಗ್ಗೆ ಅಕ್ಕಿ ಒಟ್ಟಿ (ನಮ್ಮ ಅಕ್ಕಿ ರೊಟ್ಟಿ) ಸುಟ್ಟು ಬಟ್ಟೆ ಹಾಸಿ ಇದರಲ್ಲೇ ಇಡುತ್ತೇನೆ. ಸ್ಟೀಲ್ ಡಬ್ಬಿಯಲ್ಲಿ ಬೆವರುವ ಹಾಗೆ ಇದರಲ್ಲಿ ಬೆವರುವುದಿಲ್ಲ.

ಆಟಿ ತಿಂಗಳ ಮಳೆಗೆ ಬೂಷ್ಟು ಹಿಡಿಯಿತು. ಒಲೆಯ ಮೇಲಿನ ಅಟ್ಟದಲ್ಲಿ ಎರಡು ದಿನ ಇಟ್ಟೆ, ಹೋಯಿತು. ಕೊಡಗಿನವರು ಕೊಂಡರೆ ಇದೊಂದು ನೆನಪಿಡಿ.

ಬೇಜಾರಾಗಿದ್ದು ಜೊತೆಗಿದ್ದ ಚೀಟಿ ನೋಡಿ. ‘ರಾಜಸ್ಥಾನದ ರಾಣಿಯರ ವಂಶದವರು’ ಅಂತ ಮಾತ್ರ ಬರೆದಿದೆ. ಯಜಮಾನರು ಸೈನ್ಯದಲ್ಲಿದ್ದಾಗ ನಾವು ಬರೇಲಿಯಲ್ಲಿದ್ದೆವು. ಒಮ್ಮೆ ಈಗಿನ ಉತ್ತರಾಖಂಡದ ಖಟೀಮಾ ಕಡೆ ಹೋದಾಗ, ಥಾರುಗಳಲ್ಲೇ ಒಂದು ಪಂಗಡವಾದ ರಾಣಾ ಥಾರುಗಳ ಅಜ್ಜಿಯೊಬ್ಬರು ಈ ಕತೆ ಹೇಳಿದ್ದರು. 1576ರ ಹಲ್ದಿಘಾಟಿ ಯುದ್ಧದ ನಂತರ ರಜಪೂತ ಹೆಂಗಸರು ಆಳುಗಳ ಜೊತೆ ಹಿಮಾಲಯದ ಬುಡದ ತರಾಯಿ ಕಾಡಿಗೆ ಓಡಿಬಂದು, ಅವರನ್ನೇ ಮದುವೆಯಾದರಂತೆ. ತಾವು ಮೇಲಿನ ಕುಲದವರು ಅಂತ ಗಂಡನ ಊಟದ ತಟ್ಟೆಯನ್ನು ಕಾಲಿನಿಂದ ತಳ್ಳುತ್ತಿದ್ದರಂತೆ! ಅಜ್ಜಿ ಹೇಳುವಾಗ ಅವರ ಮುಖದಲ್ಲಿದ್ದ ಹೆಮ್ಮೆ ಇನ್ನೂ ಕಣ್ಣ ಮುಂದಿದೆ. ಆದರೆ ಅದು ರಾಣಾ ಥಾರುಗಳ ಕತೆ. ಇನ್ನೊಂದು ಪಂಗಡವಾದ ದಂಗೌರಾ ಥಾರುಗಳು ನೇಪಾಳದ ದಾಂಗ್ ಕಣಿವೆಯನ್ನು ತಮ್ಮ ಮೂಲ ಅನ್ನುತ್ತಾರೆ. ಎಲ್ಲರನ್ನೂ ಒಂದೇ ಚೀಟಿಯಲ್ಲಿ ಕಟ್ಟಿದರೆ ಹೇಗೆ?

ನಾವು ಕೊಡವರು. ಅದೇ ಬರೇಲಿಯಲ್ಲಿ ಯಜಮಾನರು ನಮ್ಮ ಗಂಡಸರ ಉಡುಪಾದ ಕುಪ್ಯ ಚೇಲೆ ಹಾಕಿದ ಫೋಟೋ ನೋಡಿ, ನೀವು ಅರಬರಾ ಅಂತ ಪಕ್ಕದ ಮನೆಯವರು ಕೇಳಿದ್ದರು. ಅಲೆಕ್ಸಾಂಡರನ ಸೈನಿಕರ ಪೈಕಿ ಅಂದವರೂ ಇದ್ದಾರೆ. ನಮಗೆ ಐನ್‌ಮನೆ (ಮನೆತನದ ಮೂಲ ಮನೆ) ಇದೆ, ಕಾವೇರಮ್ಮೆ ಇದ್ದಾಳೆ. ಅದನ್ನು ಯಾರೂ ಕೇಳಲಿಲ್ಲ.

ಥಾರುಗಳದ್ದೂ ಹಾಗೇ ಅಲ್ವಾ? ಬೇರೆಯವರು ಕಾಲಿಡಲು ಹೆದರುತ್ತಿದ್ದ ಮಲೇರಿಯಾ ಕಾಡಿನಲ್ಲಿ ತಲೆಮಾರುಗಳಿಂದ ಬದುಕಿದವರು. ಡಿಡಿಟಿ ಹೊಡೆದು ಮಲೇರಿಯಾ ಇಳಿದ ಮೇಲೆ ಹೊರಗಿನವರು ಬಂದರು, ಎಷ್ಟೋ ಥಾರುಗಳ ಜಮೀನು ಕೈತಪ್ಪಿತು. 1967ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. 1977ರಲ್ಲಿ ಲಖೀಂಪುರ ಖೇರಿಯ ದುಧ್ವಾ ಕಾಡು ರಾಷ್ಟ್ರೀಯ ಉದ್ಯಾನವಾಯಿತು, ಕಾಡಿನ ಮೇಲಿನ ಹಕ್ಕಿಗೆ ಅಲೆದಾಟ ಶುರುವಾಯಿತು. ನಾಗರಹೊಳೆಯ ಆದಿವಾಸಿ ಹಾಡಿಗಳನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬುಟ್ಟಿ ಖಂಡಿತ ಕೊಳ್ಳಿ. ಮಳಿಗೆಯ ಹುಡುಗನಿಗೆ ಎರಡು ಮಾತು ಹೇಳಿ ಬಂದಿದ್ದೇನೆ. ಮುಂದಿನ ಸಲ ಮುಚ್ಚಳ ಇರುವ ದೊಡ್ಡದೊಂದು ತಂಗಿ ಮಗಳ ಮದುವೆಗೆ ಬೇಕು. ಚೀಟಿಯಲ್ಲಿ ಹೆಣೆದವಳ ಹೆಸರು, ಅವಳ ಊರು ಇರಲಿ.